ಇವತ್ತು ಹೂ ಇಲ್ಲ

ನಮ್ಮ ಹತ್ತಿರ ಕೂತು ಕೇಳಿದ್ದು ಒಬ್ಬರು, ಎಲ್ಲೋ ಕೂತು ಮಾಡಿದ್ದು ಇನ್ನೊಬ್ಬರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಪುತ್ತಿಗೆಯಲ್ಲಿ ನಾವು ಹತ್ತು ಹನ್ನೆರಡು ಮನೆಯ ಹೆಂಗಸರು ಮಲ್ಲಿಗೆ ಬೆಳೆಯುತ್ತೇವೆ. ಬೆಳಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಮೂಡುಬಿದಿರೆಗೆ ಹೋಗುವ ಬಸ್ಸಿಗೆ ಹಾಕುವುದು. ಮೊದಲು ಒಬ್ಬ ಬ್ರೋಕರ್ ಇದ್ದ. ಅವನಿಗೆ ಬೇಕಾದವರಿಗೆ ಮದುವೆಯ ಆರ್ಡರ್, ಬೇಡದವರಿಗೆ ಇಲ್ಲ. ಅದು ಸಾಕಾಗಿ, ನಮ್ಮ ಕೂಟದವರು ಒಂದು ಕಂಪೆನಿಗೆ ಹೇಳಿ ಆ್ಯಪ್ ಮಾಡಿಸುವುದೆಂದು ತೀರ್ಮಾನವಾಯಿತು. ಇವತ್ತು ಯಾರಲ್ಲಿ ಎಷ್ಟು ಹೂ ಉಂಟೆಂದು ನಾವು ಫೋನಿನಲ್ಲಿ ಒತ್ತುವುದು, ಆರ್ಡರನ್ನು ಅದೇ ಎಲ್ಲರಿಗೂ ಹಂಚುವುದು.

ಮಾಡುವ ಮೊದಲು ಕಂಪೆನಿಯಿಂದ ಇಬ್ಬರು ಹುಡುಗಿಯರು ಬಂದರು. ಒಳ್ಳೆಯ ಹುಡುಗಿಯರು, ಸುಳ್ಳು ಹೇಳಬಾರದು. ಒಂದು ವಾರ ನಮ್ಮ ಚಾವಡಿಯಲ್ಲಿ ಕೂತರು, ಬೆಳಗ್ಗೆ ಗಿಡದ ಬುಡಕ್ಕೂ ಬಂದರು. ಫೋನಿನಷ್ಟೇ ದೊಡ್ಡ ರಟ್ಟಿನ ಮೇಲೆ ಒಂದೊಂದೇ ಪುಟ ಬರೆದು ತಂದಿದ್ದರು. ನಾವು ರಟ್ಟಿನ ಮೇಲೆ ಬೆರಳಿಡುವುದು, ಅವರಲ್ಲೊಬ್ಬಳು ತಕ್ಷಣ ಆ ರಟ್ಟು ತೆಗೆದು ಮುಂದಿನದು ಇಡುವುದು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನನಗೂ ಅದು ಅರ್ಥವಾಯಿತು.

‘ಇವತ್ತು ಹೂ ಇಲ್ಲ’ ಎಂದು ಒಂದು ಬಟನ್ ಇತ್ತು. ಅದರ ಮೇಲೆ ಬೆರಳಿಟ್ಟರೆ ‘ಯಾಕೆ?’ ಎಂಬ ರಟ್ಟು ಬಂತು. ಅಲ್ಲಿಗೆ ಎಲ್ಲರ ಬೆರಳೂ ಹಿಂದಕ್ಕೆ ಹೋಯಿತು. ಹುಡುಗಿಯರಿಗೆ ತಿಳಿಯಲಿಲ್ಲ, ನಾನೇ ಬಿಡಿಸಿ ಹೇಳಿದೆ. ಮುಟ್ಟಾದ ಮೂರು ದಿನ ನಮ್ಮಲ್ಲಿ ಹೆಂಗಸರು ಮಲ್ಲಿಗೆ ಗಿಡದ ಹತ್ತಿರ ಹೋಗುವುದಿಲ್ಲ, ಹೋದರೆ ಗಿಡ ಬಾಡುತ್ತದೆ ಎಂದು ನಂಬಿಕೆ. ನಾನು ಪ್ರಾಯದಲ್ಲಿ ಒಮ್ಮೆ ಹೋಗಿ ಕೊಯ್ದು ನೋಡಿದ್ದೇನೆ, ಗಿಡಕ್ಕೆ ಏನೂ ಆಗಲಿಲ್ಲ. ಆದರೆ ಉಳಿದವರು ನಂಬುತ್ತಾರೆ. ಅದಕ್ಕೆ ನಮ್ಮಲ್ಲಿ ‘ಇವತ್ತು ಹೂ ಇಲ್ಲ’ ಎಂದರೆ ಮುಗಿಯಿತು, ಯಾಕೆ ಎಂದು ಯಾರೂ ಕೇಳುವುದಿಲ್ಲ. ಬ್ರೋಕರ್ ಸಹ ಕೇಳುತ್ತಿರಲಿಲ್ಲ, ಅವನು ಕಳ್ಳನಾದರೂ.

“ಅದನ್ನು ಹರಿದು ಬಿಸಾಡು ಮಗಾ,” ಎಂದೆ.

ಅವಳು ನಮ್ಮೆದುರೇ ಹರಿದಳು. ನಮಗೆಲ್ಲ ಬಹಳ ಖುಷಿಯಾಯಿತು.

ಮೂರು ನಾಲ್ಕು ತಿಂಗಳಲ್ಲಿ ಆ್ಯಪ್ ಫೋನಿಗೆ ಬಂತು. ನನಗೆ ಮುಟ್ಟು ನಿಂತು ಬಹಳ ಕಾಲವಾಯಿತು, ಆ ಬಟನ್ ಒತ್ತುವ ಸಂದರ್ಭವೇ ಬರಲಿಲ್ಲ. ಉಳಿದ ಮನೆಗಳಲ್ಲಿ ಆ ದಿನ ಕೊಯ್ಯಲು ಬೇರೆ ಯಾರಾದರೂ ಇರುತ್ತಾರೆ. ಒತ್ತುತ್ತಿದ್ದದ್ದು ಆಚೆ ಮನೆಯವಳು. ಗಂಡ ತೀರಿಕೊಂಡವಳು, ಮನೆಯಲ್ಲಿ ಕಣ್ಣು ಕಾಣದ ಅತ್ತೆ ಬಿಟ್ಟರೆ ಬೇರೆ ಯಾರೂ ಇಲ್ಲ. ಮಲ್ಲಿಗೆಯೇ ಅವಳ ಜೀವನ, ಅದರಲ್ಲೂ ಮದುವೆಯ ಆರ್ಡರ್. ನಮ್ಮೆಲ್ಲರಿಗಿಂತ ಒಳ್ಳೆಯ ಗಿಡ ಅವಳದ್ದು. ಆದರೆ ಮದುವೆಗಳು ಶುರುವಾದ ಮೇಲೆ ನಮಗೆಲ್ಲ ಆರ್ಡರ್ ಬಂತು, ಅವಳಿಗೆ ಒಂದೂ ಬರಲಿಲ್ಲ.

“ಎಂತ ಒತ್ತಿದ್ದಿ ಮಾರಾಯ್ತಿ, ತೋರಿಸು,” ಎಂದೆ.

ತೋರಿಸಿದಳು. ‘ಇವತ್ತು ಹೂ ಇಲ್ಲ’ ಒತ್ತಿದ ಕೂಡಲೇ ‘ಕಾರಣ ಆರಿಸಿ’ ಎಂದು ಪಟ್ಟಿ. ಆರಿಸದೆ ಹೊರಗೆ ಬರಲಿಕ್ಕೇ ಬಿಡುವುದಿಲ್ಲ. ಅನಾರೋಗ್ಯ ಎಂದರೆ ಏನು ಕಾಯಿಲೆ ಎಂದು ಮತ್ತೊಂದು ಪಟ್ಟಿ. ನಾಚಿಕೆಯಿಂದ ಅವಳು ಪ್ರತಿ ತಿಂಗಳೂ ಮೂರು ದಿನ ‘ಹೂ ಬಿಟ್ಟಿಲ್ಲ’ ಎಂದು ಒತ್ತಿದ್ದಳು. ಈ ಗಿಡ ಸರಿಯಿಲ್ಲ ಎಂದು ಆ್ಯಪ್ ಅವಳನ್ನು ಕಟ್ಟಕಡೆಗೆ ಹಾಕಿತ್ತು. ಗಿಡದ ತುಂಬ ಮೊಗ್ಗು, ಫೋನಿನಲ್ಲಿ ಬಂಜೆ ಗಿಡ!

ಆ್ಯಪ್ ಬರೆಯುವವರು ಮೆಲ್ಕಾರಿನಲ್ಲಿ ಕೂತುಕೊಳ್ಳುವುದೆಂದು ಗೊತ್ತಾಯಿತು. ಎರಡು ಬಸ್ಸು ಹಿಡಿದು ಹೋದೆ. ಅಂಗಡಿಗಳ ಮೇಲಿನ ಮಾಳಿಗೆ, ಒಳಗೆ ಐದು ಜನ ಗಂಡಸರು. ಆ ಹುಡುಗಿಯರು ಎಲ್ಲಿ ಎಂದು ಕೇಳಿದರೆ, ಅವರ ಕೆಲಸ ಮುಗಿಯಿತು, ಬೇರೆ ಕೆಲಸಕ್ಕೆ ಹೋದರು ಎಂದರು.

“ಆ ಯಾಕೆ ಎನ್ನುವ ಪುಟ ಯಾರು ಹಾಕಿದ್ದು?”

ಕನ್ನಡಕದವನೊಬ್ಬ ಕಂಪ್ಯೂಟರಿನಲ್ಲಿ ಹುಡುಗಿಯರ ರಟ್ಟುಗಳ ಚಿತ್ರ ತೆಗೆದು ತೋರಿಸಿದ. “ನೋಡಿ ಅಮ್ಮ, ನಮಗೆ ಕೊಟ್ಟದ್ದು ಇಷ್ಟೇ. ಬಟನ್ ಉಂಟು, ಒತ್ತಿದ ಮೇಲೆ ಎಂತ ಅಂತ ಇಲ್ಲ. ಮರೆತಿದ್ದಾರೆ ಅಂತ ನಾವೇ ಸೇರಿಸಿದ್ದು.”

“ಮರೆತದ್ದಲ್ಲ ಮಾರಾಯ್ರೆ. ಬೇಡ ಅಂತ ಹರಿದು ಹಾಕಿದ್ದು.”

“ಹರಿದದ್ದು ನಮಗೆ ಹೇಗೆ ಗೊತ್ತಾಗ್ತದೆ?”

ಅವನೇ ರಟ್ಟು ಹರಿದ ಆ ಹುಡುಗಿಗೆ ಫೋನು ಮಾಡಿ, ಎಲ್ಲರಿಗೂ ಕೇಳುವ ಹಾಗೆ ಇಟ್ಟ. ಅವಳ ಸ್ವರ ಬಂತು. “ನಾನು ಬರೆದು ಕಳಿಸಿದ್ದೇನಲ್ಲ ಸರ್, ರಿಪೋರ್ಟಿನಲ್ಲಿ ಉಂಟು.”

“ಆ ರಿಪೋರ್ಟು ನಲವತ್ತು ಪುಟ. ಯಾರಿಗೆ ಪುರುಸೊತ್ತು?” ಎಂದ ಇವನು.

ನನಗೆ ಮೈ ಉರಿಯಿತು. “ನಾಲ್ಕನೇ ಕ್ಲಾಸಿನವಳು ನಾನೇ ಓದ್ತಿದ್ದೆ. ನೀವು ಇಷ್ಟು ಕಲಿತವರು, ನಿಮಗೆ ಆಗುವುದಿಲ್ವಾ? ನೀನೂ ಕೇಳು ಮಗಾ, ಫೋನಿನಲ್ಲಿ ಇದ್ದಿಯಲ್ಲ. ಒಂದು ಹಸು ಕೊಡುವಾಗ ನಾವು ಹಗ್ಗ ಕೈಗೆ ಕೊಟ್ಟು ಸುಮ್ಮನಾಗುವುದಿಲ್ಲ. ಎಡದಲ್ಲಿ ಕೂತರೆ ಒದೀತದೆ ಅಂತ ಹೇಳಿ, ಒಂದು ಹೊತ್ತು ನಮ್ಮೆದುರೇ ಹಾಲು ಕರೆಸಿ ಕಳಿಸ್ತೇವೆ. ನೀನು ಇವರ ಹತ್ತಿರ ಒಂದು ಗಂಟೆ ಕೂತದ್ದುಂಟಾ?”

“ಇಲ್ಲ ಅಮ್ಮ,” ಎಂದಳು ಅವಳು.

“ಮುಂದಿನ ಸಲ ಆ್ಯಪ್ ಬದಲಿಸುವಾಗ ತೆಗೀತೇವೆ ಅಮ್ಮ. ಆದರೆ ಕಾರಣ ಕೇಳಿದರೆ ತಪ್ಪೆಂತ?” ಎಂದ ಕನ್ನಡಕದವನು. ನಿಜವಾಗಿಯೂ ಅವನಿಗೆ ತಿಳಿದಿರಲಿಲ್ಲ.

ಯಾರೂ ಬಾಯಿಬಿಟ್ಟು ಹೇಳಬೇಕಾಗದಿರಲಿ ಎಂದೇ ಮಾಡಿಸಿದ ಬಟನ್ ಅದು. ಅದನ್ನು ಸರಿಮಾಡಿಸಲು ಐದು ಗಂಡಸರ ಎದುರು ನಾನು ಬಾಯಿಬಿಟ್ಟು ಹೇಳಬೇಕಾಯಿತು. ಮುಟ್ಟು, ಮೂರು ದಿನ, ಗಿಡ, ಎಲ್ಲ ಹೇಳಿದೆ. ಇಬ್ಬರು ನೆಲ ನೋಡಿದರು, ಒಬ್ಬ ಎದ್ದು ಹೊರಗೆ ಹೋದ. ಅವಳ ಹಳೆಯ ‘ಹೂ ಬಿಟ್ಟಿಲ್ಲ’ಗಳನ್ನೂ ಅಳಿಸದೆ ಏಳುವುದಿಲ್ಲವೆಂದು ಅಲ್ಲೇ ಕೂತೆ. ಅಳಿಸಲು ಅವಳ ಹೆಸರು ಬೇಕೆಂದರು. ಅದನ್ನೂ ಹೇಳಿದೆ. ಮುಂದಿನ ಸಲ ಎಂದ ಕೆಲಸ ಸಂಜೆಯ ಬಸ್ಸಿಗೆ ಮೊದಲೇ ಆಯಿತು.

ಎರಡು ದಿನ ಬಿಟ್ಟು ಅವಳಿಗೆ ಒಂದು ದೊಡ್ಡ ಮದುವೆಯ ಆರ್ಡರ್ ಬಂತು. ಓಡಿಕೊಂಡು ಬಂದಳು.

“ದೊಡ್ಡಮ್ಮ, ಹೇಗೆ ಮಾಡಿಸಿದ್ರಿ?”

“ಹೋಗಿ ಹೇಳಿದೆ.”

“ಎಂತ ಹೇಳಿದ್ರಿ?”

“ಇದ್ದದ್ದನ್ನು.”

“ನನ್ನ ಹೆಸರು?”

“ಹೆಸರು ಹೇಳದೆ ಅಳಿಸುವುದು ಹೇಗೆ?”

ಅವಳ ಮುಖ ಸಣ್ಣದಾಯಿತು. “ಇನ್ನು ನಾನು ಒತ್ತಿದಾಗೆಲ್ಲ ಆ ಮೆಲ್ಕಾರಿನವರಿಗೆ ಗೊತ್ತಾಗ್ತದಲ್ಲ ದೊಡ್ಡಮ್ಮ,” ಎಂದಳು.

ಆ ಬಟನನ್ನು ಅವಳು ಆಮೇಲೆ ಮುಟ್ಟಲೇ ಇಲ್ಲ. ಈಗ ತಿಂಗಳಿಗೆ ಮೂರು ದಿನ, ನಮ್ಮ ಗಿಡದ್ದು ಮುಗಿಸಿ, ಅವಳ ಮೊಗ್ಗನ್ನೂ ಕೊಯ್ಯುವುದು ನಾನು. ಬಗ್ಗಿದರೆ ಸೊಂಟ ಏಳುವುದಿಲ್ಲ. ಮೆಲ್ಕಾರಿನವರನ್ನು ಬೈಯುತ್ತಾ ಕೊಯ್ಯುತ್ತೇನೆ.