ಕಿವಿ ಮೇಸ್ತ್ರಿಯ ಕುರ್ಚಿಗೆ ಯಾರು?

ಪಂಪು ತಯಾರಿಸುವ ಆ ಕಾರ್ಖಾನೆಯಲ್ಲಿ ಇನ್ನೂರ ಹದಿನಾಲ್ಕು ಜನ ಕೆಲಸ ಮಾಡುತ್ತಾರೆ. ಯಾರಿಗೆ ಯಾವ ಕೆಲಸ ಬರುತ್ತದೆ, ಯಾರು ಯಾವ ವರ್ಷ ನಿವೃತ್ತರಾಗುತ್ತಾರೆ, ಅವರು ಎದ್ದುಹೋದ ಕುರ್ಚಿಯಲ್ಲಿ ಯಾರು ಕೂರಬೇಕು, ಇಷ್ಟೂ ಸಿಬ್ಬಂದಿ ವಿಭಾಗದ ಒಬ್ಬರಿಗೆ ಬಾಯಿಪಾಠ. ಅವರನ್ನು ಎಲ್ಲರೂ ಪಟ್ಟಿ ಮೇಡಂ ಎನ್ನುತ್ತಾರೆ. ಬೆನ್ನ ಹಿಂದೆ ಹೇಳುವ ಹೆಸರಲ್ಲ ಅದು. ಫೋನ್ ಎತ್ತಿದರೆ ಅವರೇ "ಪಟ್ಟಿ ಮೇಡಂ ಮಾತಾಡ್ತಿದೀನಿ, ಹೇಳಿ" ಎಂದುಬಿಡುತ್ತಾರೆ.

ಆ ಪಟ್ಟಿ ಅವರ ಕೋಣೆಯ ಒಂದು ಗೋಡೆಯನ್ನೇ ನುಂಗಿ ಕೂತಿದೆ. ಮೇಲುಗಡೆ ಕೆಲಸಗಳು, ಎಡಗಡೆ ಹೆಸರುಗಳು, ಎರಡೂ ಸೇರುವ ಮನೆಯಲ್ಲಿ ಒಂದೊಂದು ಸೊನ್ನೆ. ಕೆಲಸ ಬಾರದವರ ಸೊನ್ನೆ ಖಾಲಿ. ಇನ್ನೊಬ್ಬರ ಜೊತೆ ನಿಂತು ಮಾಡಬಲ್ಲವರದು ಅರ್ಧ ಹಳದಿ. ಒಬ್ಬರೇ ನಿಭಾಯಿಸುವವರದು ಪೂರ್ತಿ ಹಳದಿ, ಬಡ್ತಿಯೂ ಅವರಿಗೇ. ಯಾರಿಗೆ ಎಷ್ಟು ಬಣ್ಣ ಎಂದು ಹೇಳುವವರು ಆಯಾ ಕೋಣೆಯ ಮೇಸ್ತ್ರಿಗಳು. ಕೆಲಸಗಾರರು ಇದಕ್ಕೆ ಚಂದ್ರನ ಪಟ್ಟಿ ಎಂದು ಹೆಸರಿಟ್ಟಿದ್ದರು. "ನಂದು ಇನ್ನೂ ಅಮಾವಾಸ್ಯೆನೇ ಮೇಡಂ, ಹುಣ್ಣಿಮೆ ಯಾವಾಗ?" ಎಂದು ಕ್ಯಾಂಟೀನಿನಲ್ಲಿ ಕಾಡುತ್ತಿದ್ದರು. ಮೇಡಂ ಮನೆಯಲ್ಲೂ ಬಿಟ್ಟವರಲ್ಲ. ಅಡುಗೆಮನೆಯ ಬಾಗಿಲಿಗೆ ಚಿಕ್ಕದೊಂದು ಪಟ್ಟಿ ಅಂಟಿಸಿ, ಅಡುಗೆಯ ಕೆಳಗೆ ಗಂಡನಿಗೆ ಅರ್ಧ ಬಣ್ಣ ತುಂಬಿದ್ದರು. ಅತ್ತೆ ಅದನ್ನು ನೋಡಿ, "ನನ್ ಮಗನ್ನ ಮನೆಯಿಂದ ಆಚೆಗೆ ಹಾಕ್ದೆ ಅಡುಗೆಮನೆಯಲ್ಲೇ ಅರ್ಧಚಂದ್ರ ಕೊಟ್ಟವಳು ನೀನೊಬ್ಬಳೇ ಕಣೇ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಹೊಲಿಗೆ ಅಂಗಡಿ ಇಟ್ಟಿದ್ದ ಗಂಡನಿಗೂ ಬೇಸರವಿರಲಿಲ್ಲ. ಅನ್ನ ತಳ ಹಿಡಿಸಿದ ದಿನ ತಾನೇ ರಬ್ಬರು ಹುಡುಕಿ ಬಣ್ಣ ಕಡಿಮೆ ಮಾಡಿಕೊಳ್ಳುತ್ತಿದ್ದ.

ಮೇಡಂ ಮಾಡಿದ ನಿಯಮವೊಂದಿತ್ತು. ಹಿಂದೊಮ್ಮೆ ಪಂಪಿಗೆ ಬಣ್ಣ ಹೊಡೆಯುವ ಮೇಸ್ತ್ರಿ ಕಾಲು ಮುರಿದುಕೊಂಡಾಗ ಬಣ್ಣದ ಕೋಣೆ ಒಂಬತ್ತು ದಿನ ಮುಚ್ಚಿತ್ತು. ಆ ಕೆಲಸ ಬಲ್ಲ ಇನ್ನೊಬ್ಬ ಇರಲಿಲ್ಲ. ಅಂದಿನಿಂದ, ಯಾರ ಸೊನ್ನೆ ಪೂರ್ತಿ ತುಂಬಿತೋ ಅವರನ್ನು ಆರು ತಿಂಗಳೊಳಗೆ ಬೇರೆ ಕೋಣೆಗೆ ಕಳಿಸಿ ಇನ್ನೊಂದು ಕೆಲಸ ಕಲಿಸಬೇಕು ಎಂದು ಮೇಡಂ ಹಟ ಹಿಡಿದು ಬರೆಸಿದ್ದರು. ಮೇಸ್ತ್ರಿಗಳಿಗೆ ಮಾತ್ರ ವಿನಾಯಿತಿ. ಇದರಿಂದ ಒಳ್ಳೆಯದೇ ಆಗಿತ್ತು. ಇಪ್ಪತ್ಮೂರು ವರ್ಷದಲ್ಲಿ ಖಾಲಿಯಾದ ಹನ್ನೊಂದು ಮೇಸ್ತ್ರಿ ಕುರ್ಚಿಗಳಿಗೂ ಒಳಗಿನವರೇ ಸಿಕ್ಕಿದ್ದರು. ಮೇಡಂಗೆ ಅದರ ಬಗ್ಗೆ ಜಂಬವಿತ್ತು. ಇರಲಿ ಬಿಡಿ, ಅಷ್ಟು ದುಡಿದವರಿಗೆ ಅಷ್ಟಾದರೂ ಜಂಬ ಬೇಡವೇ?

ಹನ್ನೆರಡನೆಯ ಕುರ್ಚಿ ಕಿವಿ ಮೇಸ್ತ್ರಿಯದು. ತಯಾರಾದ ಪಂಪನ್ನು ಓಡಿಸಿ, ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಒಳಗಿನ ಸದ್ದು ಕೇಳಿ "ಸರಿ" ಎಂದೋ "ಬಿಚ್ಚಿ" ಎಂದೋ ತೀರ್ಪು ಕೊಡುವವರು ಅವರು. ಮೂವತ್ತು ವರ್ಷದಿಂದ ಅವರ ಮಾತಿಗೆ ಎದುರಿಲ್ಲ. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿತ್ತು. ಪರೀಕ್ಷೆಯ ಆ ಕೋಣೆಯಲ್ಲಿ ಅವರ ಕೈಕೆಳಗಿದ್ದವರು ಮೂವರು: ಪಂಪು ಬಿಚ್ಚಿ ಜೋಡಿಸುವ ಇಬ್ಬರು ಫಿಟ್ಟರುಗಳು, ತೀರ್ಪು ಬರೆದುಕೊಳ್ಳುವ ರಿಜಿಸ್ಟರ್ ಅಕ್ಕ. ಸದ್ದು ಕೇಳುವ ಕೆಲಸದಲ್ಲಿ ಫಿಟ್ಟರುಗಳದು ಖಾಲಿ ಸೊನ್ನೆ. ರಿಜಿಸ್ಟರ್ ಅಕ್ಕನದು ಅರ್ಧ, ಅದೂ ಐದು ವರ್ಷದಿಂದ ಕದಲದೆ ನಿಂತ ಅರ್ಧ.

"ಒಳಗೆ ಯಾರೂ ಇಲ್ಲ ಅಂತ ಪಟ್ಟಿನೇ ಹೇಳ್ತಿದೆಯಲ್ಲ ಮೇಡಂ. ಸೋಮವಾರದೊಳಗೆ ಹೆಸರು ಕೊಡಿ, ಇಲ್ಲಾಂದ್ರೆ ಹೊರಗಿಂದ ಒಬ್ರನ್ನ ತರ್ತೀವಿ. ಬರೋ ತಿಂಗಳಿಂದಾನೇ ಮೇಸ್ತ್ರಿ ಪಕ್ಕ ಕೂತು ಕಲೀಲಿ" ಎಂದರು ಹೊಸ ಮ್ಯಾನೇಜರು.

ಮೇಡಂಗೆ ಚುರ್ರೆಂದಿತು. ಯಾರ ಹೆಸರನ್ನಾದರೂ ಬರೆಯುವ ಮೊದಲು ಆ ಕೋಣೆಯಲ್ಲಿ ಒಂದು ದಿನ ಕೂತು ಕಣ್ಣಾರೆ ನೋಡುವುದು ಅವರ ಪದ್ಧತಿ. ಪರೀಕ್ಷೆಯ ಕೋಣೆಗೆ ಮಾತ್ರ ಹೋಗಿ ಒಂಬತ್ತು ವರ್ಷವಾಗಿತ್ತು. ಕಿವಿ ಮೇಸ್ತ್ರಿಯಂಥವರು ಇರುವಾಗ ನೋಡುವುದೇನಿದೆ ಎಂಬ ಧೈರ್ಯ. ಶುಕ್ರವಾರ ಬೆಳಿಗ್ಗೆ ಸ್ಟೂಲು ಹಿಡಿದುಕೊಂಡು ಹೊರಟರು.

ಮೊದಲ ಒಂದು ಗಂಟೆ ಎಲ್ಲ ಸರಾಗ. ಪಂಪು ಓಡುತ್ತಿತ್ತು, ಮೇಸ್ತ್ರಿ ಕಣ್ಣು ಮುಚ್ಚಿ ಕೇಳುತ್ತಿದ್ದರು, ಕಣ್ಣು ಬಿಟ್ಟು "ಸರಿ" ಎನ್ನುತ್ತಿದ್ದರು. ಅಷ್ಟರಲ್ಲಿ ಮಗಳ ಶಾಲೆಯಿಂದ ಫೋನ್ ಬಂತೆಂದು ರಿಜಿಸ್ಟರ್ ಅಕ್ಕ ಹೊರಗೆ ಹೋದಳು. ಮೇಸ್ತ್ರಿ ಮುಂದಿನ ಪಂಪಿಗೆ ಸ್ಕ್ರೂಡ್ರೈವರ್ ಇಟ್ಟರು. ಕೇಳಿದರು. "ಇನ್ನೊಂದ್ಸಲ ಓಡ್ಸಿ" ಎಂದರು. ಮತ್ತೆ ಕೇಳಿದರು. ಅದನ್ನು ಪಕ್ಕಕ್ಕಿಡಿಸಿ ಇನ್ನೊಂದನ್ನು ತರಿಸಿದರು. ಅದನ್ನೂ ಇನ್ನೊಮ್ಮೆ ಓಡಿಸಿದರು. ಬೇರಿಂಗ್ ಎಂದರೆ ಏನೆಂದು ನೆಟ್ಟಗೆ ತಿಳಿಯದ ಮೇಡಂಗೇ ಆ ಪಂಪಿನ ಗರಗರ ಸದ್ದು ಸ್ಟೂಲಿನವರೆಗೂ ಕೇಳುತ್ತಿತ್ತು. ಮೇಸ್ತ್ರಿ ಮಾತ್ರ ಬಾಗಿಲ ಕಡೆ ನೋಡುತ್ತ ನಿಂತಿದ್ದರು.

ರಿಜಿಸ್ಟರ್ ಅಕ್ಕ ಓಡೋಡಿ ಬಂದು ಪೆನ್ನು ಹಿಡಿದಳು. ಈ ಸಲ ಮೇಡಂ ಮೇಸ್ತ್ರಿಯನ್ನು ಬಿಟ್ಟು ಅವಳ ಪೆನ್ನನ್ನು ನೋಡಿದರು. ಸರಿ ಇದ್ದರೆ ಪುಟದ ಎಡಕ್ಕೆ, ಇಲ್ಲದಿದ್ದರೆ ಬಲಕ್ಕೆ ಬರೆಯಬೇಕು. ಮೇಸ್ತ್ರಿ ಬಾಯಿ ತೆರೆಯುವ ಮೊದಲೇ ಪೆನ್ನು ಬಲಕ್ಕೆ ಹೋಗಿ ನಿಂತಿತ್ತು. ಮೇಸ್ತ್ರಿ ಅದನ್ನು ಓರೆಗಣ್ಣಿನಿಂದ ನೋಡಿ, "ಬಿಚ್ಚಿ" ಎಂದರು.

ಊಟದ ಹೊತ್ತಿಗೆ ಫಿಟ್ಟರುಗಳು ಹೊರಗೆ ಹೋದರು, ರಿಜಿಸ್ಟರ್ ಅಕ್ಕ ಅಲ್ಲೇ ಉಳಿದಳು. ಮೇಡಂ ಬಾಗಿಲು ಮುಂದೆ ಮಾಡಿ, ಮೇಸ್ತ್ರಿಯ ಎದುರಿಗೇ ಕೂತು ಕೇಳಿದರು: "ಎಷ್ಟು ವರ್ಷ ಆಯ್ತು ಮೇಸ್ತ್ರಿ?"

ಮೇಸ್ತ್ರಿ ಮುಚ್ಚಿಡಲು ನೋಡಲಿಲ್ಲ. ಎಂದೋ ಯಾರೋ ಕೇಳಲಿ ಎಂದು ಕಾದಿದ್ದವರ ಹಾಗೆ ಹೇಳಿಬಿಟ್ಟರು. "ಐದು. ಎದುರಿಗೆ ಕೂತು ಮಾತಾಡಿದ್ರೆ ತುಟಿ ನೋಡಿ ಗೊತ್ತಾಗತ್ತೆ. ಬೇರಿಂಗಿನ ಸದ್ದು ಪೂರ್ತಿ ಹೋಯ್ತು. ಕಿವಿಗೆ ಯಂತ್ರ ಹಾಕ್ಕೊಳಿ ಅಂದ್ರು ಡಾಕ್ಟ್ರು. ಹಾಕ್ಕೊಂಡ್ರೆ ನಾಲ್ಕು ಜನಕ್ಕೆ ಕಾಣತ್ತಲ್ಲ ಮೇಡಂ. ಕಿವಿ ಮೇಸ್ತ್ರಿಗೆ ಕಿವಿನೇ ಇಲ್ಲ ಅಂದ್ರೆ ಯಾರು ಇಟ್ಕೋತಾರೆ?"

"ಇವಳಿಗೆ ಪೂರ್ತಿ ಬರತ್ತೆ. ಅರ್ಧ ಯಾಕೆ ಬರೆಸಿದ್ರಿ?"

"ಪೂರ್ತಿ ಅಂದ್ರೆ ಆರು ತಿಂಗಳಲ್ಲಿ ಬೇರೆ ಕಡೆ ಹಾಕ್ತಿದ್ರಲ್ಲ. ನೀವು ಮಾಡಿದ ನಿಯಮನೇ ಅದು. ಇವಳು ಹೋದ್ಮೇಲೆ ನಾನೇನ್ ಮಾಡ್ಲಿ?"

ಮೇಡಂಗೆ ಕೆನ್ನೆಗೆ ಬಾರಿಸಿದಂತಾಯಿತು. ರಿಜಿಸ್ಟರ್ ಅಕ್ಕನ ಕಡೆ ತಿರುಗಿ, "ನೀನಾದ್ರೂ ಬಾಯಿ ಬಿಡಬಾರದಾಗಿತ್ತಾ? ಐದು ವರ್ಷದ ಬಡ್ತಿ ಹೋಯ್ತಲ್ಲ" ಎಂದರು. ಮಾತಿನಲ್ಲಿ ಸಿಟ್ಟಿತ್ತು. ಯಾರ ಮೇಲೆ ಎಂಬುದು ಅವರಿಗೇ ಸ್ಪಷ್ಟವಿರಲಿಲ್ಲ.

ಅವಳು ರಿಜಿಸ್ಟರು ಮುಚ್ಚುತ್ತ ಹೇಳಿದಳು: "ಮೊದಲನೇ ವರ್ಷ ಅರ್ಧನೇ ಇರ್ಲಿ ಅಂತ ನಾನೇ ಅಂದೆ. ಕಲಿಸಿದ್ದು ಅವರೇ, ಅವರನ್ನ ಹೇಗೆ ಬಿಡ್ಲಿ? ಆಮೇಲೆ ನಾಲ್ಕು ವರ್ಷ ಯಾರಾದ್ರೂ ಕೇಳ್ತಾರೆ ಅಂತ ಕಾದೆ. ಯಾರೂ ನನ್ನನ್ನ ಕೇಳ್ಲೇ ಇಲ್ಲ ಮೇಡಂ. ಮೇಸ್ತ್ರಿಗಳನ್ನ ಮಾತ್ರ ಕೇಳ್ತೀರಿ."

ಮೇಡಂ ಅಂದು ಡಬ್ಬಿ ಬಿಚ್ಚಲೇ ಇಲ್ಲ. ಇನ್ನೂರ ಹದಿನಾಲ್ಕು ಜನರನ್ನು ಅಂಗೈಯಲ್ಲಿಟ್ಟುಕೊಂಡಿದ್ದೇನೆ ಎಂದು ಬೀಗುತ್ತಿದ್ದವರಿಗೆ, ಒಬ್ಬರನ್ನೂ ನಿನಗೆಷ್ಟು ಬರುತ್ತದೆ ಎಂದು ನೇರವಾಗಿ ಕೇಳಿಲ್ಲ ಎಂದು ತಿಳಿದರೆ ಊಟ ಎಲ್ಲಿಂದ ಸೇರೀತು?

ಸೋಮವಾರದವರೆಗೆ ಕಾಯದೆ ಅಂದೇ ಮ್ಯಾನೇಜರ ಬಳಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಎಡವಟ್ಟು ಆಗಿದ್ದು ತನ್ನ ನಿಯಮದಿಂದ ಎಂದರು. ಮೇಸ್ತ್ರಿಯ ಹದಿನಾಲ್ಕು ತಿಂಗಳಿಗೆ ಕೈ ಹಾಕಬೇಡಿ, ಯಾವ ಸದ್ದಿಗೆ ಒಳಗೆ ಏನು ಕೆಟ್ಟಿರುತ್ತದೆ ಎಂಬ ಲೆಕ್ಕ ಅವರ ತಲೆಯಲ್ಲಿದೆ, ಅದನ್ನು ಫಿಟ್ಟರುಗಳಿಗೆ ಕಲಿಸಿ ಹೋಗಲಿ, ಕುರ್ಚಿ ರಿಜಿಸ್ಟರ್ ಅಕ್ಕನಿಗೆ ಕೊಡಿ ಎಂದರು. ಮ್ಯಾನೇಜರು ದೂರುಗಳ ಕಡತ ತರಿಸಿದರು. ಐದು ವರ್ಷದಲ್ಲಿ ಕೆಟ್ಟ ಪಂಪು ಎಷ್ಟು ವಾಪಸು ಬಂದಿದೆ ಎಂದು ಕೇಳಿದರು. ಹಿಂದಿಗಿಂತ ಕಡಿಮೆ ಎಂದು ಗೊತ್ತಾದ ಮೇಲೆ ನಗು ತಡೆಯಲಾಗದೆ, "ಹಾಗಾದ್ರೆ ಕೊಟ್ಟೇಬಿಡಿ" ಎಂದರು.

ಮರುವಾರ ನಿಯಮ ಬದಲಾಯಿತು. ಕೆಲಸಗಾರರೂ ತಮ್ಮ ಸೊನ್ನೆ ಎಷ್ಟು ತುಂಬಿದೆ ಎಂದು ತಾವೇ ಹೇಳಬಹುದು. ಒಪ್ಪದವರ ಕೋಣೆ ಬದಲಾಯಿಸುವ ಹಾಗಿಲ್ಲ. ಮೇಡಂ ಒಬ್ಬೊಬ್ಬರನ್ನೇ ಕೂರಿಸಿ ಕೇಳತೊಡಗಿದರು. ಕೆಲಸ ದುಪ್ಪಟ್ಟಾಯಿತು. ಮನೆಗೆ ತಡವಾಗಿ ಹೋಗಿ, ಗಂಡ ಮಾಡಿದ ಅಡುಗೆಯನ್ನು ಹೆಸರಿಡದೆ ತಿಂದು ನೆಮ್ಮದಿಯಾಗಿ ಮಲಗುತ್ತಿದ್ದರು.

ರಿಜಿಸ್ಟರ್ ಅಕ್ಕ ಮೊದಲ ಸಲ ತೀರ್ಪು ಕೊಡುವ ದಿನ ಮೇಡಂ ಕೋಣೆಯಲ್ಲಿದ್ದರು. ಬೇರೆ ಕೋಣೆಗಳಿಂದಲೂ ಏಳೆಂಟು ಜನ ಬಂದು ಬಾಗಿಲಲ್ಲಿ ನಿಂತಿದ್ದರು. ಮೇಸ್ತ್ರಿಯ ವಿಷಯ ಅವರಾರಿಗೂ ಗೊತ್ತಿರಲಿಲ್ಲ. ಮೇಡಂ ಹೇಳಿರಲಿಲ್ಲ, ಮ್ಯಾನೇಜರೂ ಹೇಳಿರಲಿಲ್ಲ. ಪಂಪು ಓಡಿತು. ಅವಳು ಸ್ಕ್ರೂಡ್ರೈವರ್ ಕಿವಿಗೊತ್ತಿ ಕೇಳಿದಳು, ತಲೆಯೆತ್ತಿ, ಸಂಕೋಚದಲ್ಲಿ ಎಲ್ಲೋ ನೋಡುತ್ತ ಮೆಲ್ಲಗೆ ಏನೋ ಅಂದಳು.

ಮೇಸ್ತ್ರಿ ಸುತ್ತ ನಿಂತವರನ್ನೆಲ್ಲ ಒಮ್ಮೆ ನೋಡಿದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಜೋರಾಗಿ ಹೇಳು ತಂಗಿ. ನನಗೆ ಕಿವಿ ಕೇಳ್ಸಲ್ಲ."