ಪೊನಿರಕ್ಕ ಒರೆಸಿದ ಕಲ್ಲು

ಪೊನಿರಕ್ಕನಿಗೆ ಭಯ ಅನ್ನುವುದೇ ಗೊತ್ತಿಲ್ಲ ಎಂದು ನಮ್ಮ ಬಾಂತುಲ್ ಮಾರುಕಟ್ಟೆಯಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಹದಿನೆಂಟು ವರ್ಷದಿಂದ ಅವಳ ಪಕ್ಕದಲ್ಲೇ ತೆಂಗಿನ ಬೆಲ್ಲ ಮಾರಿಕೊಂಡು ಕೂತವಳು ನಾನು, ಮುರ್ಸಿನಿ. ಜಗಳಕ್ಕೆ ಬಂದ ಗಂಡಸರನ್ನು ಬಾಯಲ್ಲೇ ಅಟ್ಟುವ ಆ ಹೆಂಗಸು, ಬಲಗಾಲಿನ ಕಿರುಬೆರಳ ಮೇಲೆ ಎದ್ದ ಹುಣ್ಣು ನೋಡಿಕೊಂಡು ಗಡಗಡ ನಡುಗಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ನಡುಗುವುದಕ್ಕೆ ಕಾರಣವಿತ್ತು. ಅವಳ ಅವ್ವನಿಗೂ ಇಂಥದ್ದೇ ಒಂದು ಹುಣ್ಣು ಎದ್ದಿತ್ತು. ಮೊದಲು ಬೆರಳು ತೆಗೆದರು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ. ಒಂದು ವರ್ಷ ಕಳೆದ ಮೇಲೆ ಇನ್ನೊಂದು ಕಾಲೂ ಹೋಯಿತು. ಸಕ್ಕರೆ ಕಾಯಿಲೆ ಎಂದರೆ ಪೊನಿರಕ್ಕನ ಕಣ್ಣ ಮುಂದೆ ಕಾಲು ಕೊಯ್ಯುವ ಗರಗಸವೇ ಬರುತ್ತಿತ್ತು.

ಅವಳು ಮಾರುವುದು ಲೋಟೆಕ್. ಗಿರಾಕಿ ಬಂದ ಮೇಲೆಯೇ ಅರೆಯಬೇಕು, ಮೊದಲೇ ಅರೆದಿಟ್ಟರೆ ಯಾರೂ ಮುಟ್ಟುವುದಿಲ್ಲ. ಚಪ್ಪಟೆ ಕಲ್ಲಿನ ಮೇಲೆ ಹುರಿದ ಕಡಲೆಕಾಯಿಬೀಜ, ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು, ನನ್ನ ಬೆಲ್ಲದ ಒಂದು ದಪ್ಪ ಹೋಳು. ಅದರಲ್ಲೇ ಬೇಯಿಸಿದ ಸೊಪ್ಪು, ಅಲಸಂದೆಕಾಯಿ, ಮೊಳಕೆಕಾಳು ಹೊರಳಿಸಿ ಬಾಳೆಲೆಗೆ ಹಾಕಿ, ಮೇಲೆ ಸೋಯಾದ ಕಪ್ಪು ಸಿಹಿ ಕೇಚಪ್ ಸುರಿದು ಕೊಡುತ್ತಾಳೆ. ಕಲ್ಲನ್ನು ಮಾತ್ರ ತೊಳೆಯುವ ಹಾಗಿಲ್ಲ. ವ್ಯಾಪಾರದ ಹೊತ್ತಿನಲ್ಲಿ ಕಲ್ಲಿಗೆ ನೀರು ತಾಗಿದರೆ ಅದೃಷ್ಟ ಚರಂಡಿ ಪಾಲು ಎನ್ನುವುದು ಅವ್ವ ಹಾಕಿಕೊಟ್ಟ ಕಟ್ಟಳೆ. ಹಾಗಾಗಿ ಪ್ರತಿ ಗಿರಾಕಿ ಹೋದ ಮೇಲೂ ಎಲೆಕೋಸಿನ ಒಂದು ಚೂರಿನಿಂದ ಕಲ್ಲನ್ನು ನುಣ್ಣಗೆ ಒರೆಸಿ, ಆ ಚೂರನ್ನು ಬಾಯಿಗೆ ಹಾಕಿಕೊಳ್ಳುತ್ತಾಳೆ. ಎಸೆದರೆ ಅದೂ ಪಾಪ.

ಆರೋಗ್ಯ ಕೇಂದ್ರದ ನರ್ಸ್ ಎಂಡಾಂಗ್ ಬೆರಳು ಚುಚ್ಚಿ ನೋಡಿ ಮಾತ್ರೆ ಕೊಟ್ಟ ದಿನದಿಂದ ಪೊನಿರಕ್ಕ ಅನ್ನ ಬಿಟ್ಟಳು, ಊಟಕ್ಕೆ ಕೇಚಪ್ ಸುರಿದ ತರಕಾರಿಯಷ್ಟೇ. ಚಹಾಕ್ಕೆ ಸಕ್ಕರೆ ಬಿಟ್ಟಳು. ಹಾಗಲಕಾಯಿ ಅರೆದು ಕುಡಿದು ಮುಖ ಕಿವುಚಿದಳು. ಎರಡು ತಿಂಗಳಾದ ಮೇಲೆ ಮತ್ತೆ ಚುಚ್ಚಿಸಿಕೊಂಡು ಬಂದವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಮುನ್ನೂರ ನಲವತ್ತಂತೆ ಕಣೇ! ಮೊದಲಿಗಿಂತ ಜಾಸ್ತಿ. ಬರೀ ತರಕಾರಿ ತಿಂದು ತಿಂದು ಹಸು ಆಗ್ಹೋದೆ, ಆದ್ರೂ ಇಳೀತಿಲ್ಲ."

"ಕದ್ದು ಏನಾದ್ರೂ ತಿಂತಿದೀಯೇನಕ್ಕ?"

"ನಿನ್ ಬಾಯಿಗೆ ಮಣ್ ಹಾಕ! ಅವ್ವನ ಕಾಲು ತೆಗೆದಿದ್ದು ನೋಡಿರೋಳು ನಾನು. ಕದ್ದು ತಿಂತೀನಾ?"

ಆಮೇಲೆ ದನಿ ತಗ್ಗಿಸಿ, "ಯಾರೋ ಮಾಟ ಮಾಡ್ಸಿದಾರೆ" ಎಂದಳು. ಬಯ್ಯಬೇಕೆಂದು ಬಾಯಿ ತೆರೆದವಳು ಬಗ್ಗಿ ಅವಳ ಕಾಲು ನೋಡಿದೆ. ಹುಣ್ಣು ಬೆರಳ ಸಂದಿಗೆ ಇಳಿದಿತ್ತು. ನನಗೂ ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ.

ಮರುವಾರ ನರ್ಸ್ ಎಂಡಾಂಗ್ ತಾನೇ ಬಂದು ಅಂಗಡಿಯ ಬೆಂಚಿನ ಮೇಲೆ ಕೂತಳು. ಒಂದು ಲೋಟೆಕ್ ತಿಂದಳು, ಏಳಲಿಲ್ಲ. ಮೆಣಸಿನಕಾಯಿ ತೊಟ್ಟುಗಳನ್ನು ಒಂದೊಂದಾಗಿ ಬೆಂಚಿನ ಮೇಲೆ ಜೋಡಿಸುತ್ತಾ ಕೂತಳು. ಇದೆಂಥ ಮಕ್ಕಳಾಟ ಎಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತಾರು ತೊಟ್ಟಾಗಿದ್ದವು.

"ಇದೇನು ನರ್ಸಮ್ಮ, ತೊಟ್ಟು ಪೋಣಿಸ್ತಿದೀರಾ?" ಎಂದಳು ಪೊನಿರಕ್ಕ.

"ನೀವು ತಿಂದಿದ್ದು ಪೊನಿರಮ್ಮ. ಬೆಳಗ್ಗೆಯಿಂದ ಇಪ್ಪತ್ತಾರು ಸಲ."

"ನಾನೆಲ್ಲಿ ತಿಂದೆ? ಅದು ಕಲ್ಲೊರೆಸಿದ್ದು!"

"ಕಲ್ಲೊರೆಸಿದ್ದು ಅಂತ ಹೊಟ್ಟೆಗೆ ಗೊತ್ತಾಗುತ್ತಾ?"

"ಎಲೆಕೋಸು ತರಕಾರಿ ಅಲ್ವಾ ಮತ್ತೆ?"

"ಎಲೆಕೋಸು ತರಕಾರೀನೇ. ಅದರಿಂದ ಏನೂ ಆಗಲ್ಲ. ಅದಕ್ಕೆ ಅಂಟಿರೋದು ಬೆಲ್ಲ. ನಿಮ್ಮೂಟದ ತರಕಾರಿ ಮೇಲೆ ಸುರ್ಕೊಳ್ತೀರಲ್ಲ, ಆ ಕೇಚಪ್ಪಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆ."

ನನಗೆ ಮೈಯುರಿಯಿತು. ನಮ್ಮ ಬೆಲ್ಲಕ್ಕೆ ಹೆಸರಿಡಲು ಇವಳ್ಯಾರು? ಬಾಯಿಗೆ ಬಂದದ್ದನ್ನು ಅಂದುಬಿಡುವಷ್ಟರಲ್ಲಿ, ದಿನಾ ಬೆಳಗ್ಗೆ ಪೊನಿರಕ್ಕನಿಗೆ ತೂಗಿಕೊಡುವ ಬೆಲ್ಲದ ಪೊಟ್ಟಣ ನೆನಪಾಯಿತು.

"ಈ ತಿಂಗಳಲ್ಲಿ ಇಳೀಲಿಲ್ಲ ಅಂದ್ರೆ ಬೆರಳು ತೆಗೀಬೇಕಾಗುತ್ತೆ" ಎಂದು ನರ್ಸ್ ನೇರವಾಗಿಯೇ ಹೇಳಿ ಎದ್ದಳು.

ಮುಂದಿನ ಗಿರಾಕಿ ಹೋದ ಮೇಲೆ ಪೊನಿರಕ್ಕ ಕಲ್ಲನ್ನೇ ನೋಡುತ್ತಾ ಕೂತಳು. ನಾನು ಚೊಂಬಿನಲ್ಲಿ ನೀರು ತಂದಿಟ್ಟೆ. ಅವಳ ಕೈ ಏಳಲಿಲ್ಲ. ಅತ್ತ ಕಾಲು, ಇತ್ತ ಅನ್ನ ಕೊಡುವ ಕಲ್ಲು.

"ನೀನೇ ಸುರಿಯೇ" ಎಂದು ಕಣ್ಣು ಮುಚ್ಚಿಕೊಂಡಳು. ಸುರಿದೆ. ಕಂದು ನೀರು ಚರಂಡಿಗೆ ಹೋಯಿತು. ಅವತ್ತಿಡೀ ಅವಳು ಗಿರಾಕಿ ಬರುವ ದಾರಿಯನ್ನೇ ಕಾಯ್ದಳು. ಬಂದರು, ಎಂದಿನ ಹಾಗೆಯೇ ಬಂದರು. ಆದರೂ ಪ್ರತಿ ಸಲ ತೊಳೆಯುವಾಗ ಅವಳ ತುಟಿ ಪಿಟಿಪಿಟಿ ಅನ್ನುತ್ತಿತ್ತು.

ಊಟಕ್ಕೆ ಕೇಚಪ್ಪನ್ನೂ ಬಿಟ್ಟಳು. ನಾಲ್ಕನೆಯ ವಾರಕ್ಕೆ ಸಕ್ಕರೆ ನೂರ ತೊಂಬತ್ತಕ್ಕೆ ಇಳಿಯಿತು. ಹುಣ್ಣಿನ ಅಂಚು ಒಣಗಿತ್ತು. "ಹೀಗೇ ಇದ್ರೆ ಬೆರಳು ಉಳಿಯುತ್ತೆ" ಎಂದಳಂತೆ ನರ್ಸ್. ನಾನು ಕುಣಿಯುವುದೊಂದು ಬಾಕಿ.

"ಬದುಕಿದೆ ಬಡಜೀವವೇ! ಇವತ್ತು ನಿನ್ನ ಬಾಯಿಂದ ಒಂದೆರಡು ಬೈಗುಳನಾದ್ರೂ ಬರ್ಲಿ ಅಕ್ಕ."

ಅವಳು ಬಯ್ಯಲಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸಂತೋಷಕ್ಕೆ ಎಂದುಕೊಂಡೆ.

"ಅವ್ವನ ಮೊದಲನೇ ಕಾಲು ಹೋದಾಗ ನಾನೇ ಅನ್ನ ಬಿಡಿಸ್ದೆ ಕಣೇ. ದಿನಾ ಮಧ್ಯಾಹ್ನ ಇದೇ ಕಲ್ಲಲ್ಲಿ ಅರೆದು, ಬರೀ ತರಕಾರಿ ಅಂತ, ರುಚಿಯಾಗ್ಲಿ ಅಂತ ಬೆಲ್ಲ ಒಂದು ಹೋಳು ಜಾಸ್ತಿ ಹಾಕಿ ತಿನ್ನಿಸ್ತಿದ್ದೆ. ಒಂದು ವರ್ಷ. ಎರಡನೇ ಕಾಲು ಹೋಗೋವರೆಗೂ."

"ನಿನಗೇನು ಗೊತ್ತಿತ್ತು ಅಕ್ಕ" ಎಂದೆ. ಆಗ ಆ ಬೆಲ್ಲ ತೂಗಿ ಕೊಡುತ್ತಿದ್ದವಳೂ ನಾನೇ.

"ಸಾಯೋ ಹಿಂದಿನ ದಿನ ಒಂದು ತುತ್ತು ಅನ್ನ ಕೇಳಿದ್ಲು" ಎಂದಳು ಪೊನಿರಕ್ಕ. "ನಾನು ಕೊಡ್ಲಿಲ್ಲ."