ಕುರಿ ಹಿಡಿದ ತಾರಾಬಾಯಿ

ಹುಕ್ಕೇರಿಯ ತಾರಾಬಾಯಿಯವರನ್ನು ಯಾರಾದರೂ ‘ಸಾಧು ಹೆಂಗಸು’ ಎಂದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ನನ್ನ ಸೈಕಲ್ ಅಂಗಡಿಯ ಪಕ್ಕದಲ್ಲಿ ಅವರ ಬಳೆ ಅಂಗಡಿ ಇತ್ತು. ಗಿರಾಕಿ ಇಲ್ಲದ ಹೊತ್ತಿನಲ್ಲಿ ನಾವಿಬ್ಬರೂ ಹುಲಿಕುರಿ ಆಟ ಆಡುತ್ತಿದ್ದೆವು. ನಾನು ಗೆದ್ದ ನೆನಪಿಲ್ಲ.

ಆಟ ತಿಳಿಯದವರಿಗೆ ಇಷ್ಟು ಹೇಳಿದರೆ ಸಾಕು. ಹುಲಿಗಳು ಕೆಲವೇ, ಕುರಿಗಳು ಬಹಳ. ಹುಲಿ ಕುರಿಯ ಮೇಲೆ ಹಾರಿ ತಿನ್ನುತ್ತದೆ. ಕುರಿಗಳು ಸುತ್ತುಗಟ್ಟಿ ಹುಲಿ ಕದಲದಂತೆ ಮಾಡಬೇಕು. ಪ್ರತಿ ನಾಗರಪಂಚಮಿಗೆ ನಮ್ಮ ಪೇಟೆಯ ತರುಣ ಮಂಡಳ ಪಂದ್ಯ ಇಡುತ್ತಿತ್ತು. ಗೋಕಾಕದಿಂದ ತರಿಸಿದ ಬಣ್ಣದ ಕಟ್ಟಿಗೆಯ ಹುಲಿ, ಕುರಿ. ಮೇಜಿನ ಮೇಲೆ ಬಳಪದಲ್ಲಿ ಬರೆದ ತ್ರಿಕೋನದ ಗೆರೆ, ಅದರ ತುದಿಗೆ ನೆತ್ತಿಯ ಮನೆ. ಹತ್ತರಗಿ, ಸಂಕೇಶ್ವರದಿಂದಲೂ ಆಟಗಾರರು ಬರುತ್ತಿದ್ದರು.

ತೊಂಬತ್ತಾರರಲ್ಲಿ ಸಂಕೇಶ್ವರದ ಬೆಲ್ಲದ ವ್ಯಾಪಾರಿ ಅಪ್ಪಣ್ಣ ಹುಲಿ ಹಿಡಿದು ಗೆದ್ದ. ಒಂದು ಹುಲಿಯನ್ನು ನೆತ್ತಿಯ ಮನೆಯಲ್ಲಿ ಕೂರಿಸಿ, ಉಳಿದವುಗಳಿಂದ ಬೇಟೆಯಾಡುವುದು ಅವನ ವರಸೆ. ಗೆದ್ದ ಎತ್ತಿನ ಬಾಲ ಹಿಡಿಯುವುದರಲ್ಲಿ ನಮ್ಮವರು ಯಾರಿಗೂ ಕಮ್ಮಿಯಿಲ್ಲ. ಮರುವರ್ಷ ಎಲ್ಲರಿಗೂ ಹುಲಿಯೇ ಬೇಕು, ಅದೇ ವರಸೆಯೇ ಬೇಕು. ಕೊನೆಗೆ ನಾಣ್ಯ ಚಿಮ್ಮಿ ಸೋತವನಿಗೆ ಕುರಿ ಎಂದು ಮಂಡಳ ತೀರ್ಮಾನಿಸಿತು. ಕುರಿ ಬಂದವನು ಆಡುವ ಮೊದಲೇ ಮುಖ ಸಣ್ಣಗೆ ಮಾಡಿಕೊಂಡು ಕೂರುತ್ತಿದ್ದ.

ತಾರಾಬಾಯಿ ಮಾತ್ರ ನಾಣ್ಯ ಚಿಮ್ಮಲು ಬಿಡುತ್ತಿರಲಿಲ್ಲ. “ಕುರಿ ನನಗಿರಲಿ” ಎಂದು ತಾವೇ ಎಳೆದುಕೊಳ್ಳುತ್ತಿದ್ದರು. ಎರಡು ವರ್ಷ ಸೋತರು. ಸೋಲಿಗಿಂತ ಹೆಚ್ಚು ಅವರನ್ನು ಕೆರಳಿಸಿದ್ದು ಜನರ ಮೆಚ್ಚುಗೆ. “ಜೈನರ ಹೆಣ್ಮಗಳು ನೋಡ್ರಿ, ಕೊಲ್ಲೂ ಆಟ ಮನಸಿಗಿ ಬರಂಗಿಲ್ಲ” ಎಂದು ಕೈಮುಗಿದೇ ಬಿಡುತ್ತಿದ್ದರು.

“ಯಾರಿಗಿ ಬೇಕಾಗೇತಿ ಇವರ ಕೈಮುಗಿಯೂದು?” ಎಂದು ತಾರಾಬಾಯಿ ನನ್ನ ಮೇಲೆ ರೇಗುತ್ತಿದ್ದರು. “ಎಲ್ಲಾರೂ ಹುಲಿ ಆಡೂದು ಕಲ್ತಾರ, ಕುರಿ ಆಡೂದು ಮರತಾರ. ಅದಕ್ಕ ಹಿಡದೇನಿ. ಗೆಲ್ಲಾಕ ಹಿಡದೇನಿ, ಪುಣ್ಯಕ್ಕಲ್ಲ.”

ಊರು ತಮ್ಮನ್ನು ಆಟಗಾರ್ತಿ ಎಂದು ಒಪ್ಪಬೇಕು. ಅಷ್ಟೇ ಅವರಿಗೆ ಬೇಕಿದ್ದದ್ದು. ಅಷ್ಟನ್ನು ಕೊಡಲು ಊರಿಗೆ ಏನು ರೋಗವೋ!

ತೊಂಬತ್ತೊಂಬತ್ತರ ಫೈನಲ್‌ನಲ್ಲಿ ಎದುರಿಗೆ ಅಪ್ಪಣ್ಣನೇ ಬಂದ. ಅವನ ಹುಲಿ ಎಂದಿನಂತೆ ನೆತ್ತಿಗೆ ಹೋಗಿ ಕೂತಿತು. ತಾರಾಬಾಯಿ ಸುತ್ತ ಕುರಿ ಇಟ್ಟು ಅದರ ದಾರಿಯನ್ನು ಕೂತಲ್ಲೇ ಮುಚ್ಚಿದರು. ಆಮೇಲೆ ಎರಡು ಕುರಿಗಳನ್ನು ಬೇಕೆಂದೇ ತಿನ್ನಲು ಬಿಟ್ಟು, ಉಳಿದ ಹುಲಿಗಳನ್ನು ಮೂಲೆಗೆ ಎಳೆದು ಕಟ್ಟಿಹಾಕಿದರು. ಅಪ್ಪಣ್ಣನ ಕೈ ಮೇಜಿನ ಮೇಲೆ ಸುಮ್ಮನೆ ತೇಲಾಡಿತು. ಆಡಲು ನಡೆಯೇ ಇರಲಿಲ್ಲ.

ಮಂಡಳದ ಅಧ್ಯಕ್ಷ ಶಿದ್ರಾಮ ಮೈಕು ಹಿಡಿದು ಕೂಗಿದ: “ಇವತ್ತ ಅಹಿಂಸಾ ಗೆದ್ದೈತಿ! ತಾರಾಬಾಯಾರ ದಯಾ ಗೆದ್ದೈತಿ!”

ತಾರಾಬಾಯಿ ಅವನ ಕೈಯಿಂದ ಮೈಕು ಕಸಿದುಕೊಂಡರು. “ದಯಾ ಎಲ್ಲಿಂದ ಬಂತರಿ? ಎರಡು ಕುರಿ ನಾನಽ ಹುಲಿ ಬಾಯಿಗಿ ಕೊಟ್ಟೇನಿ. ನೀವು ಆಟ ನೋಡೀರೋ, ನನ್ನ ಜಾತಿ ನೋಡೀರೋ?”

ನಾನೊಬ್ಬನೇ ಸೀಟಿ ಹೊಡೆದೆ.

ಮರುವರ್ಷದ ಪಂಚಮಿಗೆ ಗಾಳಿ ತಿರುಗಿತ್ತು. ಈಗ ಎಲ್ಲರಿಗೂ ಕುರಿ ಬೇಕು, ಎಲ್ಲರ ಬಾಯಲ್ಲೂ ‘ತಾರಾಬಾಯಿ ವರಸೆ’. ಅಪ್ಪಣ್ಣನೂ ಅದನ್ನೇ ಕಲಿತು ಬಂದಿದ್ದ. ಇಬ್ಬರೂ ಮತ್ತೆ ಎದುರುಬದುರಾದರು.

“ನನಗ ಹುಲಿ ಕೊಡ್ರಿ” ಎಂದರು ತಾರಾಬಾಯಿ.

ಹಿಂದೆ ನಿಂತಿದ್ದ ನಾದಿನಿ ತ್ರಿಶಲಾ ಅವರ ಸೆರಗು ಜಗ್ಗಿದಳು. “ವೈನಿ, ಪೂಜಾಕ್ಕ ಹೋದ್ರ ಬಸ್ತಿಯೊಳಗ ಮಂದಿ ಏನಂದಾರು?”

ಅಪ್ಪಣ್ಣ ಕುರಿಯನ್ನು ಕೈಯಲ್ಲೇ ಹಿಡಿದು ಕೂತ. “ಅಕ್ಕಾರ, ಹುಲಿ ನಿಮಗ ಶೋಭಿಸಂಗಿಲ್ಲರಿ.”

“ಶೋಭಾ ಮನ್ಯಾಗ ಬಿಟ್ಟು ಬಂದೇನಿ. ನೀವು ಕುರಿ ಇಡ್ರಿ.”

ಅಪ್ಪಣ್ಣ ಇಟ್ಟ. ತಾರಾಬಾಯಿ ಹಾರಿ ತಿಂದರು. ತಿಂದ ಕುರಿಯನ್ನು ಎತ್ತಿ, ಎಲ್ಲರಿಗೂ ಕಾಣುವಂತೆ ಮೇಜಿನ ಅಂಚಿಗೆ ನಿಲ್ಲಿಸಿದರು.